ಹಳೆಯ ಕನ್ನಡ ಪುಸ್ತಕದಲ್ಲಿ ಪದ ಹುಡುಕುವಂತಾಗಬೇಕೆ? ದಾರಿಗಳ ಹೋಲಿಕೆ

"ಸ್ಕ್ಯಾನ್ ಇದೆ. ಆದರೆ ಅದರೊಳಗೆ ಒಂದು ಪದ ಹುಡುಕೋಕೂ ಆಗಲ್ಲ. ಗೂಗಲ್‌ಗೆ ಹಾಕಲಾ, ಟೈಪ್ ಮಾಡಿಸಲಾ, ಚಾಟ್‌ಬಾಟ್‌ಗೆ ಕೊಡಲಾ?" ಬೆಂಗಳೂರಿನಲ್ಲಿ ಕನ್ನಡ, ಇತಿಹಾಸ, ಸಮಾಜಶಾಸ್ತ್ರದ ಸಂಶೋಧಕರು ಸೇರಿದ ಕಡೆಯೆಲ್ಲ ಈ ಪ್ರಶ್ನೆ ಬರುತ್ತದೆ. ಜ್ಞಾನಭಾರತಿಯ ಪಿಎಚ್‌ಡಿ ವಿದ್ಯಾರ್ಥಿಗಳು ಕೇಳುತ್ತಾರೆ. ತಾತನ ಕಾಲದ ಪತ್ರಿಕೆಗಳ ಕಟ್ಟನ್ನು ಮನೆಯಲ್ಲಿ ಇಟ್ಟುಕೊಂಡಿರುವ ನಿವೃತ್ತ ಮೇಷ್ಟ್ರುಗಳೂ ಕೇಳುತ್ತಾರೆ.

ಡಿಜಿಟಲ್ ಮಾನವಿಕ ಅಧ್ಯಯನ, ಅಂದರೆ ಸಾಹಿತ್ಯ, ಇತಿಹಾಸಗಳನ್ನು ಕಂಪ್ಯೂಟರಿನ ನೆರವಿನಿಂದ ಅಧ್ಯಯನ ಮಾಡುವುದು, ಅಂದ ತಕ್ಷಣ ಮಾತು ನಕ್ಷೆ, ಗ್ರಾಫು, ಪದಗಳ ಜಾಲದ ಕಡೆಗೆ ಹೋಗುತ್ತದೆ. ಅವೆಲ್ಲ ಆಮೇಲಿನ ಮಾತು. ಈ ಕ್ಷೇತ್ರ ಶುರುವಾದದ್ದೇ ಪಠ್ಯ ತಯಾರಿಯಿಂದ. ಇಟಲಿಯ ಪಾದ್ರಿ ರೊಬೆರ್ಟೊ ಬೂಸಾ 1949ರಲ್ಲಿ ಐಬಿಎಂ ನೆರವು ಪಡೆದು ಥಾಮಸ್ ಅಕ್ವಿನಾಸನ ಬರಹಗಳ ಪದಸೂಚಿ ಮಾಡಲು ಹೊರಟಾಗ, ಲ್ಯಾಟಿನ್ ಪದಗಳನ್ನು ಕಾರ್ಡುಗಳಿಗೆ ಇಳಿಸುವ ಕೆಲಸಕ್ಕೇ ವರ್ಷಗಟ್ಟಲೆ ಹಿಡಿಯಿತು. ನಮ್ಮಲ್ಲಿ ವಚನ ಸಂಚಯ ಜಾಲತಾಣ ನೋಡಿ. 20,000ಕ್ಕೂ ಹೆಚ್ಚು ವಚನಗಳಲ್ಲಿ 'ಕಾಯಕ' ಎಂಬ ಪದ ಎಲ್ಲೆಲ್ಲಿ ಬಂದಿದೆ ಎಂದು ಅಲ್ಲಿ ಕ್ಷಣದಲ್ಲಿ ಹುಡುಕಬಹುದು. ಯಾರೋ ಮೊದಲು ಕೂತು ಆ ಪಠ್ಯವನ್ನು ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಗಳಲ್ಲಿ) ಸರಿಮಾಡಿ ಇಟ್ಟಿದ್ದರಿಂದಲೇ ಅದು ಸಾಧ್ಯವಾಯಿತು.

ಆದ್ದರಿಂದ ಈ ಬರಹದಲ್ಲಿ ಹೋಲಿಸುತ್ತಿರುವುದು ಆ ಮೊದಲ ಹೆಜ್ಜೆಯ ದಾರಿಗಳನ್ನು ಮಾತ್ರ. ಪುಟದ ಚಿತ್ರ ಕೈಯಲ್ಲಿದೆ, ಅದು ಪಠ್ಯವಾಗಬೇಕು. ಅಷ್ಟೇ.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ ಪುಸ್ತಕ ಆಗಲೇ ಪಠ್ಯವಾಗಿದೆಯಾ ನೋಡಿಕೊಳ್ಳಿ. ಕನ್ನಡ ವಿಕಿಸೋರ್ಸ್, ಭಾರತವಾಣಿ, ಕಣಜ ಈ ಮೂರು ಜಾಲತಾಣಗಳಲ್ಲೂ ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಆದ ಪುಸ್ತಕಗಳ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಅಲ್ಲಿನ ಎಷ್ಟೋ ಕನ್ನಡ ಪುಸ್ತಕಗಳಿಗೆ ಯಂತ್ರವೇ ಓದಿದ ಒರಟು ಪಠ್ಯವೂ ಜೊತೆಗಿರುತ್ತದೆ. ಅದು ಸಾಕಾಗುವಂತಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಈ ಪಠ್ಯವನ್ನು ಇಟ್ಟುಕೊಂಡು ನೀವು ಏನು ಕೇಳುತ್ತೀರಿ? ಇದಕ್ಕೆ ಉತ್ತರ ಸಿಗದೆ ಯಾವ ಸಾಧನವನ್ನೂ ಆರಿಸಬೇಡಿ.

ಮೂವತ್ತು ವರ್ಷದ ಒಂದು ಪತ್ರಿಕೆಯಲ್ಲಿ ಪ್ಲೇಗಿನ ಬಗ್ಗೆ ಎಲ್ಲೆಲ್ಲಿ ಬರೆದಿದ್ದಾರೆ ಎಂದು ಹುಡುಕಬೇಕು ಅಂದುಕೊಳ್ಳಿ. ಪಠ್ಯದಲ್ಲಿ ಸಾಕಷ್ಟು ತಪ್ಪಿದ್ದರೂ ನಡೆಯುತ್ತದೆ. ಒಂದು ಲೇಖನದಲ್ಲಿ 'ಪ್ಲೇಗು' ಹತ್ತು ಸಲ ಬಂದರೆ, ಅದರಲ್ಲಿ ನಾಲ್ಕನ್ನು ಯಂತ್ರ ಸರಿಯಾಗಿ ಓದಿದರೂ ಲೇಖನ ಸಿಕ್ಕಿಬಿಡುತ್ತದೆ. ಆಮೇಲೆ ನೀವು ಹೇಗೂ ಮೂಲ ಪುಟವನ್ನೇ ಓದುತ್ತೀರಿ.

ಪದಗಳನ್ನು ಎಣಿಸುವುದಾದರೆ ಲೆಕ್ಕ ಬೇರೆ. ಒಬ್ಬ ಕಾದಂಬರಿಕಾರರ ಪದಬಳಕೆ ಹೇಗೆ ಬದಲಾಯಿತು, ಎರಡು ಪತ್ರಿಕೆಗಳ ಭಾಷೆ ಎಲ್ಲಿ ಬೇರೆಯಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ತಪ್ಪುಗಳು ನೇರವಾಗಿ ಉತ್ತರವನ್ನೇ ಕೆಡಿಸುತ್ತವೆ. 98 ಶೇಕಡ ಅಕ್ಷರಗಳು ಸರಿ ಅಂದಾಗ ಕೇಳಲು ಚೆನ್ನಾಗಿದೆ. ಆದರೆ ಒಂದು ಕನ್ನಡ ಪದದಲ್ಲಿ ಸರಾಸರಿ 8 ಯುನಿಕೋಡ್ ಚಿಹ್ನೆಗಳಿವೆ, ತಪ್ಪುಗಳು ಎಲ್ಲ ಕಡೆ ಸಮವಾಗಿ ಹರಡಿವೆ ಎಂದುಕೊಂಡು ಲೆಕ್ಕ ಹಾಕಿ. 100 ಪದಗಳಲ್ಲಿ ಸುಮಾರು 15 ಪದ ಕೆಟ್ಟಿರುತ್ತವೆ! ಕನ್ನಡದಲ್ಲಿ ಪದಕ್ಕೆ ವಿಭಕ್ತಿ, ಪ್ರತ್ಯಯ ಅಂಟಿಕೊಂಡು ಉದ್ದವಾಗುವುದರಿಂದ ಈ ಪೆಟ್ಟು ಇಂಗ್ಲಿಷಿಗಿಂತ ನಮಗೆ ಜಾಸ್ತಿ. ಮನೆ, ಮನೆಯ, ಮನೆಗೆ, ಮನೆಯಲ್ಲಿ ಎಂದು ಎಣಿಕೆ ಮೊದಲೇ ಚದುರಿರುತ್ತದೆ. ಅದರ ಮೇಲೆ ತಪ್ಪೂ ಸೇರಿದರೆ ಎಣಿಕೆಗೆ ಬೆಲೆಯೇ ಉಳಿಯುವುದಿಲ್ಲ.

ಮೂರನೆಯದು ಗ್ರಂಥಸಂಪಾದನೆ, ಪಾಠಾಂತರ, ಕಾಗುಣಿತದ ಇತಿಹಾಸ. ಅಲ್ಲಿ ಮೂಲದಲ್ಲಿ 'ಧರ್ಮ್ಮ' ಎಂದಿದ್ದರೆ ಪಠ್ಯದಲ್ಲೂ 'ಧರ್ಮ್ಮ' ಎಂದೇ ಇರಬೇಕು. ಅಚ್ಚಿನ ತಪ್ಪೂ ಹಾಗೇ ಉಳಿಯಬೇಕು. ಇಲ್ಲಿ ರಿಯಾಯಿತಿಯೇ ಇಲ್ಲ.

ಎರಡನೆಯ ಅಳತೆ ಪುಟದ್ದು. 1950ರ ನಂತರದ ಒಳ್ಳೆಯ ಮುದ್ರಣ, ಬೆಳ್ಳಗಿನ ಕಾಗದ, ಒಂದೇ ಅಂಕಣ ಇದ್ದರೆ ಯಾವ ದಾರಿಯೂ ನಿಮ್ಮನ್ನು ಅಷ್ಟಾಗಿ ಸತಾಯಿಸುವುದಿಲ್ಲ. ಸವೆದ ಅಚ್ಚುಮೊಳೆ, ಹಿಂದಿನ ಪುಟದ ಶಾಯಿ ಮೂಡಿದ ತೆಳು ಕಾಗದ, ಎರಡು ಮೂರು ಅಂಕಣದ ಪತ್ರಿಕೆ ಇದ್ದರೆ ಕಷ್ಟ ಶುರು. ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲಿಂದ ಮುದ್ರಿಸುವ ಕಲ್ಲಚ್ಚು ಇನ್ನೂ ಬೇರೆ. ಕನ್ನಡದ ಮೊದಲ ಪತ್ರಿಕೆ, 1843ರ ಮಂಗಳೂರ ಸಮಾಚಾರ, ಕಲ್ಲಚ್ಚಿನಲ್ಲಿ ಬಂದದ್ದು. ಅದನ್ನು ಯಂತ್ರ ಕೈಬರಹದಂತೆಯೇ ನೋಡಬೇಕಾಗುತ್ತದೆ.

ಮೂರನೆಯದು ಸಮಯ, ಹಣ. ಇದರಲ್ಲಿ ಎಲ್ಲರೂ ಸಾಧನದ ಬೆಲೆ ನೋಡುತ್ತಾರೆ. ನಿಜವಾದ ಖರ್ಚು ಕರಡು ತಿದ್ದುವುದರಲ್ಲಿದೆ. ಒಂದು ಪುಟ ತಿದ್ದಲು 10 ನಿಮಿಷ ಎಂದರೆ 300 ಪುಟಕ್ಕೆ 50 ಗಂಟೆ. ಆ 50 ಗಂಟೆ ಯಾರದ್ದು? ನಿಮ್ಮದಾ, ಸಂಬಳ ಕೊಟ್ಟು ಇಟ್ಟುಕೊಂಡವರದ್ದಾ, ಪ್ರೀತಿಯಿಂದ ಬರುವ ಸ್ವಯಂಸೇವಕರದ್ದಾ? ಇದನ್ನು ಬರೆದಿಟ್ಟುಕೊಳ್ಳಿ.

ನಾಲ್ಕನೆಯದು ಹಕ್ಕು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಬರಹ ಈಗ ಎಲ್ಲರದ್ದು. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರ ಬರಹ 2024ರ ಜನವರಿಯಿಂದ ಮುಕ್ತವಾಗಿದೆ. ಬೇಂದ್ರೆಯವರಿಗೆ 2041ರ ಕೊನೆಯವರೆಗೆ, ಕುವೆಂಪು ಅವರಿಗೆ 2054ರ ಕೊನೆಯವರೆಗೆ ಕಾಯಬೇಕು. ಹಳೆಯ ಕಾವ್ಯದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಪಂಪನಿಗೆ ಹಕ್ಕುಸ್ವಾಮ್ಯ ಇಲ್ಲ, ನಿಜ. ಆದರೆ ಸಂಪಾದಕರು ಬರೆದ ಮುನ್ನುಡಿಗೆ, ಟಿಪ್ಪಣಿಗೆ, ಗದ್ಯಾನುವಾದಕ್ಕೆ ಇರುತ್ತದೆ. ಸ್ವಂತ ಸಂಶೋಧನೆಗೆ ನ್ಯಾಯವಾದ ಮಟ್ಟಿಗೆ ಬಳಸಿಕೊಳ್ಳಲು ಕಾಯ್ದೆಯ 52ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ಇಡೀ ಪಠ್ಯವನ್ನು ಎಲ್ಲರಿಗೂ ಸಿಗುವಂತೆ ಹಾಕುವುದು ಬೇರೆ ಮಾತು.

ಇನ್ನು ದಾರಿಗಳಿಗೆ ಬರೋಣ.

ಗೂಗಲ್ ಓಸಿಆರ್

ಚಿತ್ರದಲ್ಲಿರುವ ಅಕ್ಷರವನ್ನು ಓದಿ ಪಠ್ಯ ಮಾಡಿಕೊಡುವ ತಂತ್ರಾಂಶವೇ ಓಸಿಆರ್. ಗೂಗಲ್ ಡ್ರೈವ್‌ಗೆ ಪುಟದ ಚಿತ್ರ ಹಾಕಿ, ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕೆಳಗೆ ಪಠ್ಯ ಬಂದಿರುತ್ತದೆ. ದುಡ್ಡಿಲ್ಲ, ಕಲಿಯುವುದೂ ಏನಿಲ್ಲ. ಇತ್ತೀಚಿನ ದಶಕಗಳ ಮುದ್ರಣಕ್ಕೆ ಕನ್ನಡದಲ್ಲಿ ಇದು ಚೆನ್ನಾಗಿಯೇ ಓದುತ್ತದೆ. ಒಂದು ಅಧ್ಯಾಯ, ನಾಲ್ಕೈದು ಲೇಖನ ಬೇಕಾದವರು ಬೇರೆ ಯೋಚನೆಯನ್ನೇ ಮಾಡಬೇಕಿಲ್ಲ.

ದೊಡ್ಡ ಪಿಡಿಎಫ್ ಇಡಿಯಾಗಿ ಹೋಗುವುದಿಲ್ಲ, ತುಂಡು ಮಾಡಬೇಕು. ಅಂಕಣಗಳಿದ್ದರೆ ಒಂದರ ಸಾಲಿಗೆ ಇನ್ನೊಂದರ ಸಾಲು ಸೇರಿಸಿಬಿಡುವ ಅಪಾಯ ಇದೆ. ಪುಟದ ಯಾವ ಜಾಗದಲ್ಲಿ ಯಾವ ಪದವಿತ್ತು ಎಂಬ ಮಾಹಿತಿ ಡಾಕ್ಸ್‌ನಲ್ಲಿ ಸಿಗುವುದಿಲ್ಲ. ಅದು ಬೇಕಾದರೆ, ಸಾವಿರಾರು ಪುಟ ಇದ್ದರೆ, ಗೂಗಲ್‌ನ ಕ್ಲೌಡ್ ವಿಷನ್ ಸೇವೆ ಇದೆ. ಅದಕ್ಕೆ ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರಬೇಕು, ಉಚಿತ ಮಿತಿ ದಾಟಿದ ಮೇಲೆ ಪುಟದ ಲೆಕ್ಕದಲ್ಲಿ ಹಣ ಕೊಡಬೇಕು. ಮುಖ್ಯವಾಗಿ, ಅದು ಒಂದು ಅಕ್ಷರವನ್ನು ಪದೇ ಪದೇ ತಪ್ಪು ಓದುತ್ತಿದ್ದರೆ ಅದಕ್ಕೆ ಕಲಿಸಲು ನಿಮಗೆ ದಾರಿಯಿಲ್ಲ.

ಟೆಸೆರಾಕ್ಟ್

1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾದದ್ದು ಟೆಸೆರಾಕ್ಟ್. 2018ರಲ್ಲಿ ಬಂದ 4ನೆಯ ಆವೃತ್ತಿಯಿಂದ ಅದು ಉದಾಹರಣೆಗಳಿಂದ ಕಲಿಯುವ ನರಜಾಲದ (ನ್ಯೂರಲ್ ನೆಟ್‌ವರ್ಕ್) ವಿಧಾನದಲ್ಲಿ ಓದುತ್ತದೆ, ಕನ್ನಡಕ್ಕೆ ಅದರಿಂದ ತುಂಬ ಉಪಕಾರವಾಯಿತು. ನಿಮ್ಮ ಕಂಪ್ಯೂಟರಿನಲ್ಲೇ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ರಾತ್ರಿ 2,000 ಪುಟ ಹಾಕಿ ಮಲಗಿದರೆ ಅದರ ಪಾಡಿಗೆ ಅದು ಓದುತ್ತಾ ಇರುತ್ತದೆ. ಪ್ರತಿ ಪದವೂ ಪುಟದ ಎಲ್ಲಿದೆ ಎಂಬುದನ್ನೂ ಬರೆದಿಡುತ್ತದೆ. ಹುಡುಕಿದ ಪದವನ್ನು ಸ್ಕ್ಯಾನಿನ ಮೇಲೆಯೇ ಗುರುತು ಮಾಡಿ ತೋರಿಸುವ ಯೋಜನೆಗಳಿಗೆ ಇದು ಬೇಕೇ ಬೇಕು.

ಇನ್ನೊಂದು ಕಾರಣಕ್ಕೆ ನಾನು ಇದನ್ನು ಮೇಲಿಡುತ್ತೇನೆ. ಅಪ್ರಕಟಿತ ಡೈರಿ, ವೈಯಕ್ತಿಕ ಟಿಪ್ಪಣಿ, ಬದುಕಿರುವವರ ಹೆಸರಿರುವ ದಾಖಲೆಯ ಟೈಪ್ ಪ್ರತಿ ನಿಮ್ಮ ಕೈಯಲ್ಲಿದ್ದರೆ ಅದನ್ನು ಬೇರೆ ಕಂಪನಿಯ ಸರ್ವರಿಗೆ ಕಳಿಸುವುದು ಸರಿಯಲ್ಲ. ಮನೆಯವರು ನಂಬಿಕೊಟ್ಟ ಕಾಗದ ಅದು. ಟೆಸೆರಾಕ್ಟ್‌ನಲ್ಲಿ ಅದು ನಿಮ್ಮ ಯಂತ್ರ ಬಿಟ್ಟು ಹೊರಗೆ ಹೋಗುವುದೇ ಇಲ್ಲ.

ಕಷ್ಟ ಏನೆಂದರೆ, ಕಮಾಂಡ್ ಬರೆದು ನಡೆಸಬೇಕು, ಪುಟಗಳನ್ನು ಮೊದಲೇ ಶುಚಿ ಮಾಡಬೇಕು. ಬಾಗಿದ ಸಾಲು, ಕಪ್ಪು ಅಂಚು, ಕಲೆ ಇದ್ದರೆ ಗೂಗಲ್ ಹೇಗೋ ನಿಭಾಯಿಸುತ್ತದೆ, ಇದು ಎಡವುತ್ತದೆ. ಸ್ಕ್ಯಾನ್ ಟೈಲರ್ ಎಂಬ ಉಚಿತ ತಂತ್ರಾಂಶದಲ್ಲಿ ಪುಟ ನೇರ ಮಾಡಿ ಅಂಚು ಕತ್ತರಿಸಿಕೊಂಡರೆ ಫಲಿತಾಂಶ ಎಷ್ಟೋ ಸುಧಾರಿಸುತ್ತದೆ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಲಿಪಿಗೆಂದೇ 'ಲಿಪಿ ಜ್ಞಾನಿ' ಎಂಬ ಓಸಿಆರ್ ರೂಪಿಸಿದ್ದಾರೆ. ಕನ್ನಡ ಓಸಿಆರ್ ಬಗ್ಗೆ ಗಂಭೀರವಾಗಿ ಕೆಲಸ ಮಾಡುವವರು ಅವರ ಪ್ರಬಂಧಗಳನ್ನು ಓದಲೇಬೇಕು.

ಚಾಟ್‌ಬಾಟ್‌ಗಳು

ಈಗ ಎಲ್ಲರೂ ಕೇಳುವುದು ಇದನ್ನೇ. ಚಾಟ್‌ಜಿಪಿಟಿ, ಜೆಮಿನೈಗೆ ಪುಟದ ಫೋಟೋ ಕೊಟ್ಟರೆ ಅಚ್ಚುಕಟ್ಟಾದ ಕನ್ನಡ ಬರುತ್ತದೆ. ಅಂಕಣ ಬಿಡಿಸುತ್ತದೆ, ಅಡಿಟಿಪ್ಪಣಿ ಬೇರೆ ಮಾಡುತ್ತದೆ. ಮಸುಕಾದ ಪುಟವನ್ನೂ ಓದಿಬಿಡುತ್ತದೆ.

ಅಲ್ಲೇ ಅಪಾಯ ಇರುವುದು. ಓಸಿಆರ್ ತಪ್ಪು ಮಾಡಿದರೆ 'ಕನ್ನಡ' ಎಂಬುದು 'ಕನೃಡ' ಆಗುತ್ತದೆ, ಕಣ್ಣಿಗೆ ತಕ್ಷಣ ಬೀಳುತ್ತದೆ. ಇವು ತಪ್ಪು ಮಾಡಿದಾಗ ಹಾಗೆ ಕಾಣುವುದೇ ಇಲ್ಲ. ಓದಲಾಗದ ಜಾಗದಲ್ಲಿ ಅರ್ಥಕ್ಕೆ ಹೊಂದುವ ಬೇರೆ ಪದ ಕೂರಿಸುತ್ತವೆ. ಒಂದು ಸಾಲು ಹಾರಿಸಿ ವಾಕ್ಯ ಹೊಂದಿಸುತ್ತವೆ. 'ಕರ್ನ್ನಾಟಕ' ಎಂದಿದ್ದದ್ದನ್ನು ಕೇಳದೆಯೇ 'ಕರ್ನಾಟಕ' ಮಾಡುತ್ತವೆ. ಹಳಗನ್ನಡದ ಪದ್ಯ ಕೊಟ್ಟರೆ ಛಂದಸ್ಸು ಕೆಟ್ಟರೂ ಅವಕ್ಕೆ ಗೊತ್ತಾಗುವುದಿಲ್ಲ. ಕರಡು ತಿದ್ದುವವರ ಕಣ್ಣು ಸಲೀಸಾಗಿ ಓದುವ ವಾಕ್ಯದ ಮೇಲೆ ಜಾರಿಹೋಗುತ್ತದೆ, ಹಾಗಾಗಿ ಇಂಥ ತಪ್ಪು ಮುದ್ರಣದವರೆಗೂ ಹೋಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಲೇಖನದಲ್ಲಿ ಏನಿದೆ ಎಂದು ಬೇಗ ತಿಳಿಯಲು, ವಿಷಯಸೂಚಿ ಮಾಡಲು ಇವನ್ನು ಬಳಸಿ. ಉಲ್ಲೇಖಿಸುವ ಪಠ್ಯಕ್ಕೆ, ಕಾಗುಣಿತ ಅಧ್ಯಯನಕ್ಕೆ, ಸಂಪಾದನೆಗೆ ಬೇಡ. ಬಳಸಿದರೂ ಮಾಮೂಲಿ ಓಸಿಆರ್ ಪಠ್ಯವನ್ನು ಪಕ್ಕದಲ್ಲಿಟ್ಟು ಎರಡೂ ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿ. ಬೇರೆಯಾದ ಜಾಗಗಳನ್ನೆಲ್ಲ ಮೂಲಕ್ಕೆ ಹೋಗಿ ತಾಳೆ ನೋಡಿ. ಪ್ರಬಂಧದಲ್ಲಿ ಹೀಗೆ ಮಾಡಿದ್ದೇವೆ ಎಂದು ಬರೆಯಿರಿ.

ಟೈಪ್ ಮಾಡಿಸುವುದು

ಹಳೆಯ ದಾರಿ ಅಂತ ಸುಮ್ನೆ ಬಿಟ್ಟುಬಿಡಬೇಡಿ. ಚಾಮರಾಜಪೇಟೆಯ ಕಡೆ, ವಿಶ್ವವಿದ್ಯಾಲಯಗಳ ಸುತ್ತಮುತ್ತ ಇರುವ ಡಿಟಿಪಿ ಸೆಂಟರುಗಳಲ್ಲಿ ವರ್ಷಾನುಗಟ್ಟಲೆ ಕನ್ನಡ ಟೈಪ್ ಮಾಡಿದವರಿದ್ದಾರೆ. ಸವೆದ ಅಚ್ಚಿನಲ್ಲಿ ಒತ್ತಕ್ಷರ ಯಾವುದು ಎಂದು ಅವರ ಕಣ್ಣಿಗೆ ಕಾಣುವಷ್ಟು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಪುಟಕ್ಕೆ ಇಷ್ಟು ಎಂದು ದರ ಇರುತ್ತದೆ. ಹಳಗನ್ನಡ, ಪದ್ಯ, ಅಡಿಟಿಪ್ಪಣಿ ಇದ್ದರೆ ಜಾಸ್ತಿ ಕೇಳುತ್ತಾರೆ. ಕೇಳಬೇಕಾದದ್ದೇ, ಅದು ಜಾಸ್ತಿ ಕೆಲಸ.

ಇಲ್ಲಿ ಮೊದಲೇ ಮಾತಾಡಿಕೊಳ್ಳಬೇಕಾದ ಒಂದೇ ಒಂದು ವಿಷಯ ಇದೆ: ಯುನಿಕೋಡ್. ನುಡಿಯ ಹಳೆಯ ಫಾಂಟುಗಳಲ್ಲೋ ಶ್ರೀಲಿಪಿಯಲ್ಲೋ ಟೈಪ್ ಮಾಡಿ ಪೇಜ್‌ಮೇಕರ್ ಫೈಲ್ ಕೊಟ್ಟರೆ, ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕಲು ಆಗದು. ಪರಿವರ್ತಕಗಳಿವೆ, ನುಡಿಯಿಂದ ಯುನಿಕೋಡ್‌ಗೆ ಬಹುಮಟ್ಟಿಗೆ ಸರಿಯಾಗಿಯೇ ತರುತ್ತವೆ. ಆದರೆ ೞ, ಱ ಅಕ್ಷರಗಳು, ಅಪರೂಪದ ಒತ್ತುಗಳು ಆ ದಾರಿಯಲ್ಲಿ ಉದುರಿಹೋಗಬಹುದು. ಮೊದಲ ಎರಡು ಪುಟ ಟೈಪ್ ಆದ ತಕ್ಷಣ ತರಿಸಿಕೊಂಡು, ಸಾಮಾನ್ಯ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಕನ್ನಡವಾಗಿಯೇ ಕಂಡರೆ ಸರಿ.

ಹಣ ಇದ್ದರೆ ಇಬ್ಬರಿಂದ ಬೇರೆ ಬೇರೆ ಟೈಪ್ ಮಾಡಿಸಿ ಎರಡನ್ನೂ ಕಂಪ್ಯೂಟರಿನಲ್ಲಿ ಹೋಲಿಸುವುದು ಎಲ್ಲಕ್ಕಿಂತ ನಂಬಬಹುದಾದ ದಾರಿ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ. ಆದ್ದರಿಂದ ಬೇರೆಯಾದ ಜಾಗಗಳನ್ನು ಮಾತ್ರ ನೋಡಿದರೆ ಸಾಕು. ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಪಠ್ಯವಾಗಿಸಿದ ಟೆಕ್ಸ್ಟ್ ಕ್ರಿಯೇಷನ್ ಪಾರ್ಟ್‌ನರ್‌ಶಿಪ್ ಯೋಜನೆ ಓಸಿಆರ್ ಬಿಟ್ಟು ಕೈಯಿಂದ ಟೈಪ್ ಮಾಡಿಸುವುದನ್ನೇ ಆರಿಸಿಕೊಂಡಿತು. 20,000 ಅಕ್ಷರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪು ಇರಬಾರದು ಎಂಬುದು ಅವರ ಗುರಿಯಾಗಿತ್ತು.

ವಿಕಿಸೋರ್ಸ್

ಸ್ವಯಂಸೇವಕರು ಸೇರಿ ಪುಸ್ತಕಗಳನ್ನು ಪಠ್ಯವಾಗಿಸುವ ಜಾಲತಾಣ ಇದು. ಒಂದು ಪಕ್ಕ ಪುಟದ ಚಿತ್ರ, ಇನ್ನೊಂದು ಪಕ್ಕ ಪಠ್ಯ. ಓಸಿಆರ್ ಗುಂಡಿ ಅಲ್ಲೇ ಇರುತ್ತದೆ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ದಾಖಲಾಗುತ್ತದೆ. ವಿದ್ವಾಂಸರ ಪಠ್ಯಕ್ಕೆ ಬೇಕಾದ ಪಾರದರ್ಶಕತೆ ಅದೇ ತಾನೆ? ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ಮುಕ್ತ ಪರವಾನಗಿಯಲ್ಲಿ ಅಲ್ಲಿವೆ.

ಗಡುವು ಇರುವವರಿಗೆ ಇದು ಕಷ್ಟ. ಕನ್ನಡದಲ್ಲಿ ಕರಡು ತಿದ್ದುವ ಕೈಗಳು ಕಡಿಮೆ. ನಿಮ್ಮ ಪುಸ್ತಕಕ್ಕೆ ಬೇರೆಯವರು ಬರುತ್ತಾರೆ ಎಂದು ಕಾದರೆ ಪ್ರಬಂಧ ಸಲ್ಲಿಸುವ ದಿನ ಬಂದುಬಿಡುತ್ತದೆ. ಹಕ್ಕು ಮುಗಿದ ಅಥವಾ ಮುಕ್ತ ಪರವಾನಗಿಯ ಕೃತಿಗಳಿಗೆ ಮಾತ್ರ ಅಲ್ಲಿ ಜಾಗ. ಆದರೆ ನೀವು ಮೇಷ್ಟ್ರಾಗಿದ್ದು, ಎಂಎ ತರಗತಿಯಲ್ಲಿ 20 ಮಕ್ಕಳಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚುವುದಿಲ್ಲ. ತಲಾ 15 ಪುಟ ಹಂಚಿದರೆ 300 ಪುಟದ ಪುಸ್ತಕ ಒಂದು ಸೆಮಿಸ್ಟರಿನಲ್ಲಿ ತಿದ್ದಿ ಮುಗಿಯುತ್ತದೆ. ಪಠ್ಯವನ್ನು ಅಕ್ಷರ ಅಕ್ಷರವಾಗಿ ನೋಡುವುದನ್ನು ಮಕ್ಕಳೂ ಕಲಿಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಕಸದ ಬುಟ್ಟಿ ಸೇರುವ ಅಸೈನ್‌ಮೆಂಟಿನ ಬದಲು ಕನ್ನಡಕ್ಕೆ ಒಂದು ಪುಸ್ತಕ ಉಳಿಯುತ್ತದೆ.

ಕೈಬರಹಕ್ಕೆ: ಟ್ರಾನ್ಸ್‌ಕ್ರಿಬಸ್, ಇ-ಸ್ಕ್ರಿಪ್ಟೋರಿಯಮ್

ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಟ್ರಾನ್ಸ್‌ಕ್ರಿಬಸ್ ಈಗ ಒಂದು ಸಹಕಾರಿ ಸಂಘದ ಕೈಯಲ್ಲಿದೆ. ಇ-ಸ್ಕ್ರಿಪ್ಟೋರಿಯಮ್ ಮುಕ್ತ ತಂತ್ರಾಂಶ, ಅದರೊಳಗೆ ಓದುವ ಕೆಲಸ ಮಾಡುವುದು ಕ್ರಾಕನ್ ಎಂಬ ಯಂತ್ರ. ಎರಡರ ವಿಶೇಷವೂ ಒಂದೇ. ನಿಮ್ಮ ಕಡತದ ಒಂದಷ್ಟು ಪುಟಗಳನ್ನು ನೀವೇ ಸರಿಯಾಗಿ ಬರೆದು ಕೊಟ್ಟರೆ, ಆ ಕೈಬರಹವನ್ನು ಓದಲು ಅದು ಕಲಿಯುತ್ತದೆ. ಟ್ರಾನ್ಸ್‌ಕ್ರಿಬಸ್‌ನವರು ಹೇಳುವ ಪ್ರಮಾಣ 5,000ದಿಂದ 15,000 ಪದ.

ಲೆಕ್ಕ ಹಾಕಿ ನೋಡಿ. ನಿಮ್ಮ ಹತ್ತಿರ ಇರುವುದು 40 ಪತ್ರ ಅಂದರೆ, ಕಲಿಸಲು ಬರೆಯುವಷ್ಟರಲ್ಲಿ ಕೆಲಸವೇ ಮುಗಿದುಹೋಗಿರುತ್ತದೆ. ಕೂತು ಓದಿ ಟೈಪ್ ಮಾಡಿ. ಒಬ್ಬರೇ ಬರೆದ 1,000 ಪುಟದ ದಿನಚರಿ, ಒಂದೇ ಮುದ್ರಣಾಲಯದ ಕಲ್ಲಚ್ಚಿನ ದೊಡ್ಡ ರಾಶಿ ಇದ್ದರೆ ಈ ದಾರಿಗೆ ಸಮ ಇಲ್ಲ. ಟ್ರಾನ್ಸ್‌ಕ್ರಿಬಸ್ ಕ್ರೆಡಿಟ್ ಲೆಕ್ಕದಲ್ಲಿ ನಡೆಯುತ್ತದೆ. ಸ್ವಲ್ಪ ಉಚಿತ, ಆಮೇಲೆ ಹಣ. ಇ-ಸ್ಕ್ರಿಪ್ಟೋರಿಯಮ್‌ಗೆ ಹಣ ಬೇಡ, ಆದರೆ ಸರ್ವರು, ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು.

ಶಾಸನಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದಕ್ಕೆ ಇವು ಯಾವುವೂ ಅಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಒಂದೊಂದಾಗಿ ಗುರುತಿಸಿ ಇಡುತ್ತಿದ್ದಾರೆ. ಅಲ್ಲಿಂದ ಶುರು ಮಾಡಿ.

ಕಣ್ಣಿಗೆ ಕಾಣದ ತಪ್ಪುಗಳು

ಯಾವ ದಾರಿ ಹಿಡಿದರೂ ಕನ್ನಡದಲ್ಲಿ ಕೆಲವು ತೊಂದರೆ ಬಂದೇ ಬರುತ್ತವೆ. ಸಾಧನ ಹೋಲಿಸುವಾಗ ಇವನ್ನು ಬೇರೆಯಾಗಿ ಎಣಿಸಿ, ಏಕೆಂದರೆ ಒಟ್ಟು ಶೇಕಡಾವಾರಿನಲ್ಲಿ ಇವು ಮರೆಯಾಗಿಬಿಡುತ್ತವೆ.

ಮೊದಲನೆಯದು ಸೊನ್ನೆ. 'ಅಂಗಡಿ'ಯ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ೦ ಕೂತುಬಿಟ್ಟರೆ ಓದುವವರಿಗೆ ವ್ಯತ್ಯಾಸವೇ ಕಾಣದು. ಹುಡುಕುವ ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಪದಗಳು. ಟೈಪ್ ಮಾಡುವವರೂ ಇದನ್ನು ಮಾಡುತ್ತಾರೆ, ಓಸಿಆರ್ ಕೂಡ ಮಾಡುತ್ತದೆ. ಅರ್ಕಾವತ್ತು ಹಾಗೆಯೇ. 'ಧರ್ಮ' ಎಂಬುದು 'ಧಮ೯' ಆಗಿ, ಕೊನೆಯಲ್ಲಿ ಅಂಕಿ 9 ಬಂದಿರುತ್ತದೆ. ಹಳೆಯ ಅಚ್ಚಿನಲ್ಲಿ ಸಾಲಿನ ಕೆಳಗೆ ಸಣ್ಣದಾಗಿ ಕೂರುವ ಒತ್ತಕ್ಷರ ಕಳೆದುಹೋಗುವುದು, ಕೆಳಗಿನ ಸಾಲಿನ ದೀರ್ಘದ ಜೊತೆ ಸೇರಿಕೊಳ್ಳುವುದು ಇನ್ನೊಂದು. ದ-ಧ, ಡ-ಢ, ಬ-ಭ ಇವುಗಳ ಕೆಳಗಿನ ಸಣ್ಣ ಸೀಳು ಶಾಯಿ ತುಂಬಿ ಮುಚ್ಚಿದ್ದರೆ ಮಹಾಪ್ರಾಣವೆಲ್ಲ ಅಲ್ಪಪ್ರಾಣ ಆಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಯುನಿಕೋಡ್ ಒಳಗಿನದು. 'ಕೊ' ಎಂಬಲ್ಲಿನ ೊ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ನೋಡಲು ಎರಡೂ ಒಂದೇ. ಅಕ್ಷರ ಕೂಡಿಸುವ, ಬಿಡಿಸುವ ಅದೃಶ್ಯ ಚಿಹ್ನೆಗಳೂ ಪದದ ಮಧ್ಯೆ ಅಡಗಿರುತ್ತವೆ. ಪಠ್ಯವನ್ನೆಲ್ಲ ಒಂದೇ ರೂಪಕ್ಕೆ ತರುವ ಯುನಿಕೋಡ್ ನಾರ್ಮಲೈಸೇಷನ್ ಹೆಜ್ಜೆಯನ್ನು ಎಣಿಕೆಗೆ ಮುಂಚೆ ಮಾಡಲೇಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರುವ ಗೆಳೆಯರಿಗೆ ಇದು ನಾಲ್ಕು ಸಾಲಿನ ಕೆಲಸ. ಅದೃಶ್ಯ ಚಿಹ್ನೆಗಳು ಅದರಿಂದ ಹೋಗುವುದಿಲ್ಲ, ಅವನ್ನು ಬೇರೆಯಾಗಿ ತೆಗೆಯಬೇಕು. ತಿದ್ದದ ಮೂಲ ಪ್ರತಿಯನ್ನು ಮಾತ್ರ ಬೇರೆ ಇಟ್ಟಿರಿ.

ಹಾಗಾದರೆ ನೀವು ಏನು ಮಾಡಬೇಕು?

ನಿಮ್ಮದೇ ಪುಸ್ತಕದ 5 ಪುಟ ತೆಗೆದುಕೊಳ್ಳಿ. ಚೆನ್ನಾಗಿರುವ ಒಂದು, ಸಾಧಾರಣ ಮೂರು, ಅತಿ ಕೆಟ್ಟದ್ದು ಒಂದು. ಸ್ಕ್ಯಾನ್ 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿ) ಕಡಿಮೆ ಇರಬಾರದು. ಆ 5 ಪುಟವನ್ನು ನೀವೇ ಒಂದೂ ತಪ್ಪಿಲ್ಲದೆ ಟೈಪ್ ಮಾಡಿ. ಆಮೇಲೆ ಗೂಗಲ್, ಟೆಸೆರಾಕ್ಟ್ ಎರಡರಲ್ಲೂ ಓಡಿಸಿ, ತಪ್ಪು ಎಣಿಸಿ, ಒಂದು ಪುಟ ತಿದ್ದಲು ಎಷ್ಟು ಹೊತ್ತು ಹಿಡಿಯಿತು ಎಂದೂ ಬರೆದುಕೊಳ್ಳಿ. ಬೇರೆಯವರ ಪುಸ್ತಕಕ್ಕೆ ಬಂದ ಅಂಕಿಅಂಶ ನಿಮ್ಮ ಪುಸ್ತಕಕ್ಕೆ ಹೊಂದುವುದಿಲ್ಲ. ತಿದ್ದುವ ಹೊತ್ತು ಟೈಪ್ ಮಾಡುವ ಹೊತ್ತಿಗೆ ಹತ್ತಿರ ಬಂದರೆ, ಓಸಿಆರ್ ಬಿಟ್ಟು ಟೈಪ್ ಮಾಡಿಸಿ.

ಹಣವಿಲ್ಲದ ಪಿಎಚ್‌ಡಿ ವಿದ್ಯಾರ್ಥಿ, ಒಂದೆರಡು ಕಾದಂಬರಿ, ಪದ ಎಣಿಸುವ ಕೆಲಸ ಎಂದಾದರೆ ಗೂಗಲ್‌ನಲ್ಲಿ ತೆಗೆದು ಸ್ವಂತ ತಿದ್ದುವುದೇ ಸರಿ. ಹೇಗೂ ಆ ಕಾದಂಬರಿಯನ್ನು ನಾಲ್ಕು ಸಲ ಓದಬೇಕಲ್ವಾ, ಒಂದು ಓದು ಕರಡು ತಿದ್ದುವ ಓದಾಗಲಿ. ಪತ್ರಿಕೆಯ ದೊಡ್ಡ ರಾಶಿ ಇದ್ದು, ಹುಡುಕಲು ಮಾತ್ರ ಬೇಕಾದರೆ ಟೆಸೆರಾಕ್ಟ್ ಅಥವಾ ಕ್ಲೌಡ್ ವಿಷನ್. ತಿದ್ದುವ ಗೋಜಿಗೇ ಹೋಗಬೇಡಿ, ಪುಟದ ಚಿತ್ರಕ್ಕೆ ಕೊಂಡಿ ಇರಲಿ ಅಷ್ಟೇ. ಇಲಾಖೆಯ ಅನುದಾನ ಬಂದಿದ್ದರೆ ಅದರ ದೊಡ್ಡ ಪಾಲನ್ನು ಯಂತ್ರ, ಸಾಫ್ಟ್‌ವೇರಿಗೆ ಸುರಿಯಬೇಡಿ. ಕರಡು ತಿದ್ದುವವರಿಗೆ ಕೊಡಿ, ಅವರ ಹೆಸರನ್ನು ಮೊದಲ ಪುಟದಲ್ಲಿ ಹಾಕಿ. ಹಳಗನ್ನಡ ಕಾವ್ಯಕ್ಕೆ ಇಬ್ಬರಿಂದ ಟೈಪ್, ಆಮೇಲೆ ಛಂದಸ್ಸು ಬಲ್ಲವರಿಂದ ಪರಿಶೀಲನೆ. ನಿವೃತ್ತರಾಗಿ ಬಿಡುವಿದ್ದವರು, ಭಾಷೆಯ ಮೇಲೆ ಹಿಡಿತ ಇರುವವರು ದಯವಿಟ್ಟು ವಿಕಿಸೋರ್ಸ್‌ಗೆ ಬನ್ನಿ. ನಿಮ್ಮ ಒಂದು ಗಂಟೆ ಅಲ್ಲಿ ತುಂಬ ದೊಡ್ಡದು.

ಕೊನೆಯ ವಿಷಯ, ಪಠ್ಯ ಆಮೇಲೆ ಎಲ್ಲಿ ಇರಬೇಕು ಎಂಬುದು. ಪ್ರಬಂಧ ಸಲ್ಲಿಸಿದ ಮೇಲೆ ಪಠ್ಯವೂ ಲ್ಯಾಪ್‌ಟಾಪಿನ ಜೊತೆ ಕೆಟ್ಟುಹೋಗುವುದು, ಇನ್ನೊಬ್ಬರು ಅದೇ ಪುಸ್ತಕವನ್ನು ಮತ್ತೆ ಮೊದಲಿನಿಂದ ಟೈಪ್ ಮಾಡುವುದು ನಮ್ಮಲ್ಲಿ ತೀರಾ ಸಾಮಾನ್ಯವಾಗಿದೆ. ಹಕ್ಕು ಮುಗಿದ ಕೃತಿಯಾದರೆ ಸಾದಾ ಟೆಕ್ಸ್ಟ್ ಫೈಲನ್ನು ಸ್ಕ್ಯಾನಿನ ಜೊತೆ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ. ಯುರೋಪಿನ ಸಂಶೋಧನಾ ಸಂಸ್ಥೆ ಸೆರ್ನ್ ನಡೆಸುವ ಝೆನೊಡೊ ಎಂಬ ಸಂಗ್ರಹತಾಣದಲ್ಲಿ ಇಟ್ಟರೆ ಉಲ್ಲೇಖಿಸಲು ಶಾಶ್ವತ ಸಂಖ್ಯೆಯೂ ಉಚಿತವಾಗಿ ಸಿಗುತ್ತದೆ. ಫೈಲಿನ ತಲೆಯಲ್ಲಿ ನಾಲ್ಕು ಸಾಲು ಬರೆಯಿರಿ: ಯಾವ ಮುದ್ರಣ, ಯಾವ ವರ್ಷ, ಯಾವ ಸಾಧನದಲ್ಲಿ ಓದಿಸಿದ್ದು, ಎಷ್ಟು ಪುಟ ಯಾರು ತಿದ್ದಿದ್ದು. ಹಕ್ಕು ಇನ್ನೂ ಇರುವ ಕೃತಿಯಾದರೆ ಪಠ್ಯ ನಿಮ್ಮಲ್ಲೇ ಇರಲಿ. ಪದಗಳ ಎಣಿಕೆಯ ಪಟ್ಟಿಯನ್ನು, ತಪ್ಪು ಸರಿಮಾಡಿದ ವಿಧಾನವನ್ನು ಹಂಚಿಕೊಳ್ಳಿ. ಮುಂದೆ ಅದೇ ಲೇಖಕರ ಮೇಲೆ ಕೆಲಸ ಮಾಡುವವರಿಗೆ ಅಷ್ಟರಿಂದಲೂ ತುಂಬ ಸಮಯ ಉಳಿಯುತ್ತದೆ.